ಅಮ್ಮನಿಗೆ ನೋವಾಗಬಾರದೆಂದು ತೆಗೆದ ಮಾದರಿ

ಪ್ರಯೋಗಾಲಯ, ಎರಡನೇ ಮಹಡಿ
ಮಾರ್ಚ್ ೧೨, ಮಂಗಳವಾರ, ಊಟದ ವಿರಾಮ

ನೆರೆದಿರುವ ಮಹಾಜನಗಳೇ, ಮುಂದಿನ ಸಾಲಿನ ಹಿರಿಯರೇ, ಹಿಂದೆ ಗೋಡೆಗೊರಗಿ ನಿಂತ ಪಡ್ಡೆಗಳೇ, ದಯಮಾಡಿ ಸದ್ದು ಮಾಡಬೇಡಿ! ಅಣ್ಣನೊಬ್ಬ ತಂಗಿಗೆ ಕಾಗದ ಬರೆಯುತ್ತಿದ್ದಾನೆ.

ಪ್ರೀತಿಯ ತಂಗೀ,

ನಗಬೇಡ. ಅಪ್ಪನ ನಾಟಕ ಕಂಪನಿಯ ಪೆಟ್ಟಿಗೆಗಳ ಮೇಲೆ ಮಲಗಿ ಬೆಳೆದವನು ನಾನು, ಸಭೆಯನ್ನು ಕರೆಯದೆ ಬಾಯಿ ತೆರೆಯಲಾರೆ. ಹೇಗಿದ್ದೀಯ? ಭಾವನವರ ಬೆನ್ನುನೋವು ಇಳಿಯಿತೇ? ಪುಟಾಣಿಯ ಉಸಿರಾಟ ಈಗ ಸಲೀಸಾಗಿದೆಯೇ? ಮಲಗಿದಾಗ ಎದೆಯಲ್ಲಿ ಗೊರಗೊರ ಇಲ್ಲ ತಾನೇ? ಆರು ತಿಂಗಳು ತುಂಬಿತು, ಕವುಚಿಕೊಳ್ಳುತ್ತಾಳೆ ಎಂದು ಭಾವನವರು ಫೋನಿನಲ್ಲಿ ಹೇಳಿದರು.

ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆದರೆ ಅದು ಬರೀ ನಾಟಕ. ಊಟ ಮಾಡುತ್ತಾಳೆ, ಟಿವಿ ನೋಡುತ್ತಾಳೆ. ಎದುರು ಮನೆಯ ಮಗು ಕೈಚಾಚಿದರೆ ಮಾತ್ರ ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ. ನಿನ್ನೆ ಆ ಮಗುವಿನ ತಾಯಿ, "ಯಾಕಜ್ಜೀ, ನಮ್ಮ ಮಗು ಕಚ್ಚುತ್ತಾ?" ಎಂದು ತಮಾಷೆ ಮಾಡಿದಳು. "ಅದು ಕಚ್ಚಲ್ಲಮ್ಮ, ನನ್ನ ಉಸಿರೇ ಸರಿಯಿಲ್ಲ" ಎಂದಳು ಅಮ್ಮ. ಬಾಗಿಲ ಹಿಂದೆ ಚಪ್ಪಲಿ ಹುಡುಕುತ್ತಿದ್ದ ನನಗೆ ಅದು ಕೇಳಿಸಿತು. ಅದಕ್ಕೇ ಈ ಕಾಗದ.

ನಾಲ್ಕು ತಿಂಗಳ ಹಿಂದಿನ ಆಸ್ಪತ್ರೆಯ ಕಾರಿಡಾರು ನಿನಗೆ ನೆನಪಿರಬೇಕು. ಎರಡು ತಿಂಗಳ ಕೂಸಿನ ಮೂಗಿಗೆ ಆಮ್ಲಜನಕದ ನಳಿಕೆ. ಅಲ್ಲಿಯವರು ಅಮ್ಮನನ್ನೂ ಪರೀಕ್ಷಿಸಿ, ಕೂಸಿನಲ್ಲಿದ್ದ ವೈರಸ್ಸೇ ಅವಳಲ್ಲೂ ಇದೆ ಎಂದರು. ನೀನು ಅಮ್ಮನಿಗೆ ಹೇಳಿದ್ದು ಇಷ್ಟು: "ಹೊರಡುವಾಗ ರಿಪೋರ್ಟ್ ಚೆನ್ನಾಗೇ ಇತ್ತಲ್ಲ. ಬಸ್ಸಲ್ಲಿ ಮಾಸ್ಕ್ ತೆಗೆದು ಪಕ್ಕದವರ ಜೊತೆ ಹರಟೆ ಹೊಡೆದು ಅಂಟಿಸ್ಕೊಂಡು ಬಂದೆ. ಇನ್ನು ನನ್ನ ಮಗೂನ ಮುಟ್ಟಬೇಡ." ಅಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ನೀರು ಕುಡಿಯಲು ಒಮ್ಮೆ ಮಾಸ್ಕ್ ಇಳಿಸಿದ್ದು ನಿಜವಂತೆ. ಆ ಒಂದು ಗುಟುಕಿಗೆ ಇಂದಿಗೂ ತನ್ನನ್ನು ತಾನೇ ಶಿಕ್ಷಿಸಿಕೊಳ್ಳುತ್ತಿದ್ದಾಳೆ. ಸುದ್ದಿ ಕೇಳಿ ಓಡಿಬಂದಿದ್ದ ನಾನು ನಿಮ್ಮಿಬ್ಬರ ನಡುವೆಯೇ ನಿಂತಿದ್ದೆ. ಮೈಕಿಲ್ಲದೆ ಕೊನೆಯ ಸಾಲಿಗೂ ಕೇಳಿಸುವ ನನ್ನ ದನಿ ಅಂದು ತುಟಿ ದಾಟಲಿಲ್ಲ.

ಆ ರಿಪೋರ್ಟ್ ಕೊಟ್ಟವನು ಯಾರು? ನಾನು. ಮಾದರಿ ತೆಗೆದವನೂ ನಾನೇ. ಕೂಸನ್ನು ನೋಡಲು ನಿನ್ನೂರಿಗೆ ಹೊರಡುವ ದಿನ ಬೆಳಿಗ್ಗೆ ಅಮ್ಮ ಗಂಟಲು ಕೆರೆಯುತ್ತಿದೆ ಎಂದಳು. ಟೆಸ್ಟ್ ಮಾಡಿಸಿಕೊಂಡೇ ಬರಲಿ ಎಂದು ನೀನು ಹಟ ಹಿಡಿದೆ, ಸರಿಯಾದ ಹಟವೇ. ಲ್ಯಾಬಿಗೆ ಕರೆತಂದೆ. ಹತ್ತಿಯ ಕಡ್ಡಿ ಮೂಗಿನೊಳಗೆ ನೇರವಾಗಿ ಹೋಗಿ, ಗಂಟಲಿನ ಹಿಂಗೋಡೆಗೆ ತಾಗಿ, ಅಲ್ಲಿ ತಿರುಗಬೇಕು. ಕಣ್ಣಲ್ಲಿ ನೀರು ಬರದಿದ್ದರೆ ಕಡ್ಡಿ ಮುಟ್ಟಿಲ್ಲವೆಂದೇ ನಮ್ಮ ಎಣಿಕೆ. ಇಪ್ಪತ್ತು ವರ್ಷದಲ್ಲಿ ಪೈಲ್ವಾನರನ್ನೂ ಅಳಿಸಿದ ಕೈ ಇದು! ಅಮ್ಮ ನನ್ನ ಮುಂಗೈ ಹಿಡಿದು, "ಮೆಲ್ಲಗೆ ಕಣೋ" ಎಂದಳು, ಅಷ್ಟೇ. ಕೈ ನಿಂತುಬಿಟ್ಟಿತು. ಮೂಗಿನ ಹೊಸ್ತಿಲಲ್ಲೇ ಎರಡು ಸುತ್ತು ತಿರುಗಿಸಿ ತೆಗೆದೆ. ಇಷ್ಟೇನಾ, ನಿನ್ನ ಕೈಗುಣ ಎಷ್ಟು ಚೆನ್ನಾಗಿದೆ ಎಂದು ಹೊಗಳಿದಳು. ನಾನು ಹಿಗ್ಗಿದೆ. ವೈರಸ್ ಇದ್ದದ್ದು ಒಳಗೆ, ನಾನು ಒರೆಸಿದ್ದು ಬಾಗಿಲಲ್ಲಿ. 'ನೆಗೆಟಿವ್' ಎಂಬ ಕಾಗದವನ್ನು ನಂಬಿ ಅಮ್ಮ ನಿನ್ನ ಕೂಸನ್ನು ಎತ್ತಿಕೊಂಡಳು.

ಭಾವನವರಿಗೆ ನಮಸ್ಕಾರ. ಪುಟಾಣಿಗೆ ಸೋದರಮಾವನ ಆಶೀರ್ವಾದ. ಗಟ್ಟಿಯಾಗಿ ಅಳಲಿ, ಎದೆ ಬಲವಾಗಲಿ.

ನಿನ್ನ
ಗುಡುಗಣ್ಣ

ತಾ.ಕ.: ವಿರಾಮ ಮುಗಿಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಮೇಲಿನದನ್ನು ಓದಿ, ಪಾಪ, ಅಣ್ಣನಿಗೆ ಗೊತ್ತಾಗಲಿಲ್ಲ ಎಂದುಕೊಳ್ಳುತ್ತೀಯ. ಗೊತ್ತಾಗಿತ್ತು. ನಮ್ಮ ಯಂತ್ರ ಪ್ರತಿ ಮಾದರಿಯಲ್ಲೂ ವೈರಸ್ಸಿನ ಜೊತೆಗೆ ಮನುಷ್ಯನ ಜೀವಕೋಶವನ್ನೂ ಹುಡುಕುತ್ತದೆ. ಸಿಕ್ಕರೆ ಪರದೆಯ ಮೇಲೆ ಒಂದು ಗೆರೆ ಮೇಲೇಳುತ್ತದೆ, ಕಡ್ಡಿ ಸರಿಯಾಗಿ ತಾಗಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಅಮ್ಮನ ಮಾದರಿಯಲ್ಲಿ ಆ ಗೆರೆ ಮೇಲೇಳಲೇ ಇಲ್ಲ. 'ಮಾದರಿ ಸಾಲದು, ಮತ್ತೆ ತೆಗೆಯಿರಿ' ಎಂದು ಬರೆಯಬೇಕಿತ್ತು. ಬೇರೆಯವರದಾಗಿದ್ದರೆ ಬರೆಯುತ್ತಿದ್ದೆ. ಆದರೆ ಅಮ್ಮ ಬ್ಯಾಗು ಹಿಡಿದು ಕೆಳಗೆ ಬೆಂಚಿನ ಮೇಲೆ ಕೂತಿದ್ದಳು, ಎರಡು ಗಂಟೆಗೆ ಬಸ್ಸು. ಅವಳನ್ನು ಇನ್ನೊಮ್ಮೆ ನೋಯಿಸಲು ಮನಸ್ಸು ಬರಲಿಲ್ಲ. ನೆಗೆಟಿವ್ ಎಂದು ಬರೆದು ಸಹಿ ಹಾಕಿದೆ. ತಪ್ಪು ಪೂರ್ತಿ ನನ್ನದು. ಅಮ್ಮನಿಗೆ ಇದು ಇನ್ನೂ ಗೊತ್ತಿಲ್ಲ. ನಾಳೆ ಎಂಟಕ್ಕೆ ಇಲ್ಲಿನ ದೊಡ್ಡ ಡಾಕ್ಟರಿಗೆ ಎಲ್ಲ ಬರೆದುಕೊಡುತ್ತೇನೆ. ಅದಕ್ಕೂ ಮೊದಲು, ಬೆಳಿಗ್ಗೆ ಅಮ್ಮ ಎದ್ದ ಕೂಡಲೇ, ಅವಳ ಪಕ್ಕ ಹಾಸಿಗೆಯ ಮೇಲೆ ಕೂತು, ಅವಳಿಗೆ ಹೇಳುತ್ತೇನೆ.