ದುಬಾಯಿಲಿ ಕೆಲ್ಸ ಗಡ

ಕಾಣಿಯೂರು
14 ಮೇ 2025, ಬುಧವಾರ

ಪ್ರೀತಿಯ ಮಗಳು ಶಮೀನಾಳಿಗೆ ನಿನ್ನ ಉಪ್ಪನ ಸಲಾಂ.

ಹೇಗಿದ್ದಿ? ಚಿಕ್ಕಮಗಳೂರಿನ ಬೆಳಗ್ಗಿನ ತಂಪಿಗೆ ಶುರುವಾದ ನಿನ್ನ ಸೀನು ನಿಂತಿತೇ? ಮೊಮ್ಮಗಳು ಹನಾನ್‌ಳ ಅಲುಗಾಡುತ್ತಿದ್ದ ಹಲ್ಲು ಬಿತ್ತೇ, ಇಲ್ಲ ಅವಳು ಇನ್ನೂ ನಾಲಿಗೆಯಲ್ಲಿ ದೂಡಿಕೊಂಡೇ ಇದ್ದಾಳೆಯೇ? ನಾನು ಸೌಖ್ಯ. ಸಕ್ಕರೆ ಪರೀಕ್ಷೆ ಮಾಡಿಸಿಲ್ಲ. ಆ ಲ್ಯಾಬಿನವರು ಪ್ರತಿ ಸಲವೂ ಸ್ವಲ್ಪ ಹೆಚ್ಚು ತೋರಿಸಿ ‘ಮುಂದಿನ ತಿಂಗಳು ಪುನಃ ಬನ್ನಿ’ ಎನ್ನುತ್ತಾರೆ, ನನಗೆ ಅದರಲ್ಲಿ ಅನುಮಾನ ಉಂಟು. ಮಂಡಿ ನೋವು ಮಾತ್ರ ನಿಜವಾದದ್ದು, ಅದನ್ನು ಯಾವ ಲ್ಯಾಬೂ ಹೇಳಬೇಕಾಗಿಲ್ಲ.

ಫೋನು ಇರುವಾಗ ಉಪ್ಪ ಕಾಗದ ಯಾಕೆ ಬರೆದರು ಎಂದು ನಿನಗೆ ಸಂಶಯ ಬಂದಿರಬಹುದು. ಬರಲಿ, ನನ್ನ ಮಗಳಲ್ಲವೇ. ನೀನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು, ಜನ ಕಾಗದ ಬರೆಯುವುದನ್ನೇ ಬಿಟ್ಟಿದ್ದಾರೆ ಎಂದು ಕಳೆದ ಪೆರ್ನಾಳ್ ಹಬ್ಬಕ್ಕೆ ಬಂದಾಗ ದೂರಿದ್ದಿ. ಅದು ಒಂದು. ಮತ್ತೆ ಈ ಮೊಬೈಲನ್ನು ನಾನು ನಂಬುವುದು ಬಿಟ್ಟಿದ್ದೇನೆ. ಮನೆ ನೋಡಬೇಕು ಎಂದು ನಿನ್ನ ಹತ್ತಿರ ಹೇಳಿದ್ದೇ ತಡ, ಅರ್ಧ ಗಂಟೆಯಲ್ಲಿ ಅದರೊಳಗೆ ಗೋಡೆಗೆ ಬಳಿಯುವ ಬಣ್ಣದ ಜಾಹೀರಾತು ಬಂತು. ನಾವು ಮಾತಾಡುವಾಗ ಮಧ್ಯದಲ್ಲಿ ಯಾರೋ ಕೂತು ಕೇಳುತ್ತಾರೆ ಮಗಳೇ. ಫೋನಿನಲ್ಲಿ ಮಾತಾಡಿ ನಾನು ಸಿಕ್ಕಿಬಿದ್ದ ಸಂಗತಿ ಇನ್ನೊಂದು ಉಂಟು, ಅದು ಮುಂದೆ ಬರುತ್ತದೆ.

ಸುಳ್ಯಕ್ಕೆ ವರ್ಗ ಸಿಕ್ಕಿತು, ಜೂನ್ ಎರಡಕ್ಕೆ ಹಾಜರಾಗಬೇಕು, ಹನಾನ್ ಒಂದನೇ ಕ್ಲಾಸಿಗೆ ಅಲ್ಲಿಯೇ ಸೇರಬೇಕು ಎಂದು ನೀನು ಹೇಳಿದಾಗ, ಕಾಣಿಯೂರಿನಿಂದಲೇ ಹೋಗಿ ಬರಬಹುದಲ್ಲ ಎಂದೆ. ನೀನು ಹೇಳಿದ್ದು ಅಕ್ಷರಶಃ ನೆನಪುಂಟು. ‘ಬಸ್ಸು ನೋಡಿಕೊಂಡು ಕೌಂಟರ್ ತೆರೀಲಿಕ್ಕೆ ಆಗುದಿಲ್ಲ ಉಪ್ಪ. ಮತ್ತೆ ಅಲ್ಲಿ ಎಲ್ಲರಿಗೂ ನನ್ನ ಕತೆ ಗೊತ್ತುಂಟು. ಗೊತ್ತಿದ್ದವರೇ ದಿನಾ ಕೇಳುದು. ನನಗೆ ಗೊತ್ತಿಲ್ಲದವರ ನೆರೆಕರೆ ಬೇಕು.’ ಅಸ್ಕರ್ ತಲಾಖ್ ಕೊಟ್ಟು ಎರಡು ವರ್ಷವಾದರೂ ನಮ್ಮ ಊರಿನವರಿಗೆ ಅದು ನಿನ್ನೆಯ ಸುದ್ದಿ ಎಂಬುದು ನಿಜ. ಬಾಡಿಗೆ ಮನೆ ನೋಡುವ ಕೆಲಸ ನನಗೆ ಕೊಟ್ಟೆ. ಕೊಡುವಾಗ ಒಂದು ಮಾತು ಸೇರಿಸಿದೆ: ‘ನನ್ನ ಬಗ್ಗೆ ಎಲ್ಲಿಯೂ ಸುಳ್ಳು ಹೇಳ್ಬೇಡಿ.’ ಅದೂ ನೆನಪುಂಟು.

ಪುತ್ತೂರಾಗಿದ್ದರೆ ನನಗೆ ಇಷ್ಟು ಕಷ್ಟವಿರಲಿಲ್ಲ. ಅಲ್ಲಿ ಎಷ್ಟೋ ಅಂಗಡಿಯವರ ಅಜ್ಜನ ಹೆಸರು ಕೂಡ ನನಗೆ ಗೊತ್ತು, ಯಾರು ಎಷ್ಟು ಸುಳ್ಳು ಹೇಳುತ್ತಾರೆ ಎಂಬ ಅಂದಾಜೂ ಉಂಟು. ಸುಳ್ಯದ ಪೇಟೆ ನಮಗೆ ಹೊಸತು. ಆದ್ದರಿಂದ ಥರೋ ಎನ್‌ಕ್ವೈರಿ ಆಗಬೇಕು ಎಂದು ತೀರ್ಮಾನಿಸಿದೆ. ಪುತ್ತೂರಿನ ಕಾಲೇಜಿನಲ್ಲಿ ನಾನು ಕಲಿತ ಎರಡು ವರ್ಷದಲ್ಲಿ ಇಂಗ್ಲಿಷ್ ಲೆಕ್ಚರರ್ ಒಂದು ಮಾತನ್ನು ಬೋರ್ಡಿನಲ್ಲಿ ಬರೆಸುತ್ತಿದ್ದರು. ಮೊದಲು ಅಬ್ಸರ್ವ್, ಕೊನೆಗೆ ಕನ್‌ಕ್ಲೂಡ್. ನಡುವಿನದ್ದು ಇನ್‌ಫರ್ ಆಗಿತ್ತೋ ಇಂಟರ್‌ಫಿಯರ್ ಆಗಿತ್ತೋ ಈಗ ಮರೆತಿದೆ. ನಾನು ಎರಡನ್ನೂ ಮಾಡಿದ್ದೇನೆ.

ಇನ್ನು ನನ್ನ ಸ್ವಂತ ವಿದ್ಯೆ. ಮೂವತ್ತು ವರ್ಷ ನಾನು ಐವರ್ನಾಡು ಕಡೆಯ ಗೌಡರ ಮನೆಗಳಿಗೆ ಕಾಳುಮೆಣಸು ಕೊಳ್ಳಲು ಹೋದವನು. ಮನೆಯವರು ನನ್ನ ಹತ್ತಿರ ಕನ್ನಡದಲ್ಲಿ ಒಂದು ದರ ಹೇಳುತ್ತಿದ್ದರು. ಒಳಗೆ ಹೋಗಿ ತಮ್ಮತಮ್ಮೊಳಗೆ ಮನೆಮಾತಾದ ಅರೆಭಾಷೆಯಲ್ಲಿ ಇನ್ನೊಂದು ದರ ಮಾತಾಡುತ್ತಿದ್ದರು. ನಾನು ಜಗಲಿಯಲ್ಲಿ ಎಂತದೂ ಅರ್ಥವಾಗದ ಮುಖ ಮಾಡಿಕೊಂಡು ಮೆಣಸನ್ನು ಅಂಗೈಯಲ್ಲಿ ಉಜ್ಜುತ್ತ ಕೂರುತ್ತಿದ್ದೆ. ಕನ್ನಡದ ದರ ಬಾಯಿಯದ್ದು, ಅರೆಭಾಷೆಯ ದರ ಹೊಟ್ಟೆಯದ್ದು. ಆ ಎರಡನೆಯ ದರ ಕೇಳಿಯೇ ನಾನು ನಿನ್ನನ್ನು ಓದಿಸಿದ್ದು. ನೆರೆಕರೆಯನ್ನೂ ಹಾಗೆಯೇ ನೋಡಬೇಕು ಮಗಳೇ. ನಮಗೆ ಬರುವುದಿಲ್ಲ ಎಂದು ಅವರು ತಿಳಿದ ಭಾಷೆಯಲ್ಲಿ ನಮ್ಮ ಬಗ್ಗೆ ಎಂತ ಹೇಳುತ್ತಾರೋ, ಆ ಊರು ನಿಜವಾಗಿ ಅಷ್ಟೇ. ಹಾಗಾಗಿ ಎಲ್ಲ ಕಡೆ ನಾನು ಕನ್ನಡ ಮಾತ್ರ ಬರುವ ಮುದುಕನಾದೆ.

ಬ್ರೋಕರ್ ಮಮ್ಮು ಮೊದಲು ತೋರಿಸಿದ್ದು ಬಸ್‌ಸ್ಟ್ಯಾಂಡಿನ ಹಿಂದೆ ಮಾಳಿಗೆಯ ಮನೆ. ಗೋಡೆಗೆ ಸೊಂಟದವರೆಗೆ ಮಾತ್ರ ಹೊಸ ಬಣ್ಣ. ಸೊಂಟದವರೆಗೆ ಯಾಕೆ ಎಂದು ಕೇಳಿದರೆ ಡಿಸೈನ್ ಎಂದರು. ಒಳಗಿನ ನೀರಿನ ಪಸೆಗೆ ಇವರು ಡಿಸೈನ್ ಎಂದು ಹೆಸರಿಟ್ಟಿದ್ದಾರೆ. ಯಜಮಾನ ‘ನೀರು ಇಪ್ಪತ್ನಾಲ್ಕು ಗಂಟೆ ಉಂಟು’ ಎಂದು ನನಗೆ ಕನ್ನಡದಲ್ಲಿ ಹೇಳಿ, ಹಿಂದೆಯೇ ಹೆಂಡತಿಗೆ ತುಳುವಿನಲ್ಲಿ, ಎರಡು ದಿನಕ್ಕೊಮ್ಮೆ ಬರುವ ಸಂಗತಿ ಬಾಯಿ ಬಿಡಬೇಡ, ಮೊದಲು ಅಡ್ವಾನ್ಸ್ ಬರಲಿ ಎಂದ. ನಾನು ನಳ್ಳಿಯನ್ನು ಹೊಗಳಿ ಇಳಿದು ಬಂದೆ. ‘ಎಂತ ಕಾಕಾ, ಪೊರ್ಲು ಮನೆ, ಚಂದ ಉಂಟಲ್ವಾ?’ ಎಂದು ಮಮ್ಮು ಹಲ್ಲು ಕಿಸಿದ. ಅವನಿಗೂ ಗೊತ್ತಿತ್ತು ಎಂದೇ ನನ್ನ ಅನುಮಾನ.

ಎರಡನೆಯದು ಮಸೀದಿಯ ಹತ್ತಿರ, ನಮ್ಮವರದೇ ಲೊಕಾಲಿಟಿ. ಅಲ್ಲಿ ನನ್ನ ವಿದ್ಯೆ ನಡೆಯಲಿಲ್ಲ, ಯಾಕೆಂದರೆ ಅವರು ಅಡಗಿಸುವುದೇ ಇಲ್ಲ, ನೇರ ಕೇಳುತ್ತಾರೆ. ಎದುರು ಮನೆಯ ಕದೀಜಮ್ಮ ನಾನು ಚಪ್ಪಲಿ ಬಿಡುವ ಮೊದಲೇ ಬಂದರು. ಮಗಳಾ, ಎಷ್ಟು ಮಕ್ಕಳು, ಒಬ್ಬಳೇ ಯಾಕೆ, ಗಂಡ ಎಲ್ಲಿ? ನನ್ನ ಬಾಯಿಯಿಂದ ‘ದುಬಾಯಿಯಲ್ಲಿ’ ಎಂದು ಹೊರಟಿತು. ನಾನು ಕರೆಯಲಿಲ್ಲ ಮಗಳೇ, ತಾನಾಗಿ ಹೊರಟಿತು. ‘ದುಬಾಯಿಯಲ್ಲಿ ಎಲ್ಲಿ? ನನ್ನ ತಮ್ಮ ಕುಂಞಿ ಮೋನು ಅಲ್ಲಿಯೇ ಉಂಟಲ್ಲಾ, ನಂಬರ್ ಕೊಡಿ, ಶುಕ್ರವಾರ ಭೇಟಿ ಆಗ್ಲಿ’ ಎಂದರು. ಅಲ್ಲ, ಅಬುಧಾಬಿ ಎಂದೆ. ಅಲ್ಲಿ ಅವರ ಅಳಿಯ ಇದ್ದಾನಂತೆ. ಅಲ್ಲಿಂದ ಮುಂದಕ್ಕೆ ನನಗೆ ಬೇರೆ ದೇಶ ನೆನಪಾಗಲಿಲ್ಲ. ಅಸರ್ ನಮಾಜಿನ ಬಾಂಗಿನ ನೆಪ ಹೇಳಿ ತಪ್ಪಿಸಿಕೊಂಡೆ.

ಮೂರನೆಯದಕ್ಕೆ ಸೋಮವಾರ ನಾನೊಬ್ಬನೇ ಹೋದೆ, ಮಮ್ಮುವಿಗೆ ಬೇರೆ ಪಾರ್ಟಿ ಇತ್ತು. ಹೊಳೆಯ ಕಡೆಗೆ ಇಳಿಯುವ ರಸ್ತೆ. ನಿನ್ನ ಕಚೇರಿಗೆ ನನ್ನ ಮಂಡಿಯಲ್ಲಿ ಹದಿನೈದು ನಿಮಿಷ, ನಿನ್ನ ಕಾಲಿನಲ್ಲಿ ಏಳೆಂಟು. ಬಾವಿಗೆ ಕಬ್ಬಿಣದ ಮುಚ್ಚಳ, ಅಂಗಳಕ್ಕೆ ಗೇಟು, ಅಡುಗೆಕೋಣೆಗೆ ಬೆಳಗ್ಗಿನ ಬಿಸಿಲು. ಇಷ್ಟು ಒಳ್ಳೆಯ ಮನೆ ಮೂರು ತಿಂಗಳಿನಿಂದ ಖಾಲಿ ಯಾಕೆ? ಪ್ರೈಮಾ ಫೇಸಿ, ಏನೋ ಉಂಟು. ‘ನಿಮಗೆ ಅತ್ತರಿನಲ್ಲೂ ಮೀನಿನ ವಾಸನೆ ಬರ್ತದೆ’ ಎಂದು ನಿನ್ನ ಉಮ್ಮ ಹೇಳುತ್ತಿದ್ದಳು. ಬರುವುದು ನಿಜ, ಎಷ್ಟೋ ಸಲ ಮೀನು ಇದ್ದದ್ದೂ ನಿಜ. ಮನೆಯವರು ಪಕ್ಕದ ಭಾಗದಲ್ಲಿಯೇ ಇರುವುದು. ಎಪ್ಪತ್ತು ದಾಟಿದ ತಿಮ್ಮಕ್ಕ, ಅವರ ಸೊಸೆ ತನ್ಮಯೀ. ಮಗನಿಗೆ ಹೊರಗೆ ಕೆಲಸ, ವಾರಕ್ಕೊಮ್ಮೆ ಬರುವುದು. ತಿಮ್ಮಕ್ಕ ಜಗಲಿಯಲ್ಲಿ ಕೂತು ಅಲಸಂಡೆ ಮುರಿಯುತ್ತಿದ್ದರು. ತಲೆ ಎತ್ತಿ ಒಮ್ಮೆ ನೋಡಿದರು, ಪುನಃ ಅಲಸಂಡೆ. ಒಂದು ಪ್ರಶ್ನೆ ಕೇಳಲಿಲ್ಲ. ಎಲ್ಲ ಕೇಳುವವರಿಗಿಂತ ಏನೂ ಕೇಳದವರ ಮೇಲೆ ನನಗೆ ಹೆಚ್ಚು ಸಂಶಯ. ಸೊಸೆಯೇ ಕೇಳಿದ್ದು, ‘ಮಗಳ ಯಜಮಾನ್ರು ಎಂತ ಮಾಡುದು?’ ಎಂದು. ದುಬಾಯಿ ಈಗ ನನ್ನ ನಾಲಿಗೆಯಲ್ಲಿ ರೂಢಿಯಾಗಿತ್ತು.

ಆಗ ತಿಮ್ಮಕ್ಕ ಅಲಸಂಡೆಯಿಂದ ಕಣ್ಣು ತೆಗೆಯದೆ ಸೊಸೆಗೆ ಅರೆಭಾಷೆಯಲ್ಲಿ ಹೇಳಿದರು: ‘ಅಳಿಯಂಗೆ ದುಬಾಯಿಲಿ ಕೆಲ್ಸ ಗಡ.’

ಈ ‘ಗಡ’ ನಿನಗೆ ಗೊತ್ತಿರಲಿಕ್ಕಿಲ್ಲ. ನಮ್ಮ ‘ಅಂತೆ’ಯ ಹಾಗೆ, ಇನ್ನೊಬ್ಬರು ಹೇಳಿದ್ದನ್ನು ದಾಟಿಸುವಾಗ ಕೊನೆಗೆ ಹಾಕುವುದು. ಬಹಳ ಸಾದಾ ಶಬ್ದ. ಆದರೆ ತಿಮ್ಮಕ್ಕನ ಗಡ ನನ್ನ ಮಾತನ್ನು ದಾಟಿಸುವ ಮೊದಲು, ಒಣಗಿದೆಯೋ ಎಂದು ಮೆಣಸನ್ನು ಕುಲುಕಿದ ಹಾಗೆ, ಒಂದು ಸಲ ಕುಲುಕಿ ನೋಡಿತು. ಆ ಕುಲುಕು ಸೊಸೆಗೆ ಕೇಳಲಿಲ್ಲ, ನನಗೆ ಕೇಳಿಸಿತು. ನಾನು ಎಂತದೂ ಅರ್ಥವಾಗದ ಮುಖ ಮಾಡಿದೆ. ಬಾವಿ ನೋಡಿ ಬರುತ್ತೇನೆ ಎಂದು ಎದ್ದು ಹೋಗಿ, ಅಲ್ಲಿಂದ ಮಮ್ಮುವಿಗೆ ಫೋನು ಮಾಡಿದೆ. ಗೌಡರ ಮನೆಯಲ್ಲಿ ಯಾರಿಗೆ ಗೊತ್ತಾಗುತ್ತದೆ ಎಂದು ನಮ್ಮ ಬ್ಯಾರಿ ಭಾಷೆಯಲ್ಲಿಯೇ ಗಟ್ಟಿಯಾಗಿ ಮಾತಾಡಿದೆ. ಮನೆ ಅಡ್ಡಿ ಇಲ್ಲ, ಮುದುಕಿ ಮಾತ್ರ ಭಾರೀ ಕಿಲಾಡಿ, ಅಳಿಯ ದುಬಾಯಿಯಲ್ಲಿ ಎಂದು ಹೇಳಿಟ್ಟಿದ್ದೇನೆ, ನೀನು ತಲಾಖಿನ ಸುದ್ದಿ ಎಲ್ಲಿಯೂ ಬಾಯಿ ಬಿಡಬೇಡ ಎಂದೆ.

ಜಗಲಿಗೆ ವಾಪಸು ಬಂದಾಗ ಚಾ ಮತ್ತು ಹಲಸಿನ ಹಪ್ಪಳ ಇಟ್ಟಿದ್ದರು. ಸೊಸೆ ಒಳಗೆ ಹೋಗಿದ್ದಳು. ನಾನು ಹಪ್ಪಳ ಮುರಿದು ಬಾಯಿಗೆ ಹಾಕುವಷ್ಟರಲ್ಲಿ ತಿಮ್ಮಕ್ಕ ಮಾತಾಡಿದರು. ಬ್ಯಾರಿಯಲ್ಲಿ. ತುಂಡು ತುಂಡಾಗಿ ಕಲಿತ ಬ್ಯಾರಿ ಅಲ್ಲ ಮಗಳೇ, ನಿನ್ನ ಉಮ್ಮ ಅಡುಗೆಕೋಣೆಯಿಂದ ಕರೆದ ಹಾಗೆ. ಕನ್ನಡದಲ್ಲಿ ಬರೆದರೆ ಹೀಗೆ: ‘ಮುದುಕಿ ಕಿಲಾಡಿ ಅಂದದ್ದು ಸರಿ. ಆದ್ರೆ ಒಂದು ಹೇಳಿ. ಕನ್ನಡದಲ್ಲಿ ಅಳಿಯ ದುಬಾಯಿಯಲ್ಲಿ, ಬ್ಯಾರಿಯಲ್ಲಿ ಅಳಿಯನೇ ಇಲ್ಲ. ಕರಾರು ಪತ್ರ ಯಾವ ಭಾಷೆಯಲ್ಲಿ ಬರೆಸುದು?’

ನಾನು ಹಪ್ಪಳವನ್ನು ಪುನಃ ತಟ್ಟೆಯಲ್ಲಿಟ್ಟೆ. ಅವರು ತಟ್ಟೆಯನ್ನು ನನ್ನ ಕಡೆಗೇ ದೂಡಿದರು. ‘ನನ್ನ ಗುರ್ತ ಸಿಕ್ಲಿಲ್ವಾ ಮಾರಾಯ್ರೆ? ಆಗ ನಾನು ಒಳಗೇ ಇದ್ದ ಸೊಸೆ. ಮೆಣಸಿನ ಅಲಿ ಕುಂಞಿ ಅಲ್ವಾ ನೀವು? ಐವರ್ನಾಡಿನಲ್ಲಿ ನಮ್ಮ ಬೇಲಿಯ ಆಚೆ ಆಸ್ಯಮ್ಮನ ಮನೆ. ಮೂವತ್ತು ವರ್ಷ ಒಂದೇ ಬೇಲಿ, ಅಲ್ಲಿ ಕಲಿತದ್ದು ನಿಮ್ಮ ಭಾಷೆ.’ ಆಮೇಲೆ ಹೇಳಿದ್ದು ಇನ್ನೂ ದೊಡ್ಡದು. ‘ನಿಮಗೆ ಅರೆಭಾಷೆ ಬರ್ತದೆ ಅಂತ ನಮ್ಮತ್ತೆಗೆ ಎರಡನೇ ವರ್ಷವೇ ಗೊತ್ತಾಗಿತ್ತು. ಒಳಗೆ ನಾವು ಮಾತಾಡಿದ ದರ ನಿಮಗೆ ಕೇಳ್ಲಿ ಅಂತಲೇ ಮಾತಾಡಿದ್ದು. ಇವತ್ತಿನ ಗಡವೂ ಹಾಗೇ.’ ಮಗಳೇ, ಮೂವತ್ತು ವರ್ಷ ನಾನು ಹೊಟ್ಟೆಯ ದರ ಎಂದು ತಿಳಿದದ್ದು ಅವರ ಅತ್ತೆ ಕೂತು ತಯಾರು ಮಾಡಿದ ದರ! ಈಗ ನೆನೆದರೆ ಆ ಅಜ್ಜಿ ಪ್ರತಿ ಸಲ ಬಾಗಿಲ ಹತ್ತಿರವೇ ನಿಂತು ಗಟ್ಟಿಯಾಗಿ ಮಾತಾಡುತ್ತಿದ್ದರು. ಆಗಲೇ ಸಂಶಯ ಬರಬೇಕಿತ್ತು.

ಮೂರು ತಿಂಗಳು ಮನೆ ಖಾಲಿ ಯಾಕೆ ಎಂದು ಆಗಲೂ ಬಿಡದೆ ಕೇಳಿದೆ. ‘ನಿಮ್ಮ ಹಾಗಿನವರೇ ನೋಡ್ಲಿಕ್ಕೆ ಬಂದ್ರೆ ಖಾಲಿ ಇರದೆ ಮತ್ತೆಂತ ಆಗ್ತದೆ?’ ಎಂದು ನಕ್ಕರು. ಮತ್ತೆ ನಗು ನಿಲ್ಲಿಸಿ ಹೇಳಿದರು: ‘ಹುಡುಗಿ ಮಗುವನ್ನು ಕಟ್ಟಿಕೊಂಡು ಒಬ್ಬಳೇ ಇರುದು ನನಗೆ ತೊಂದರೆ ಅಲ್ಲ. ಇಲ್ಲದ ಗಂಡನನ್ನು ನೀವು ಮನೆಯೊಳಗೆ ಕೂರಿಸಿ ಹೋಗುದು ತೊಂದರೆ. ಅವ ಯಾವಾಗ ಬರುದು ಅಂತ ನೆರೆಕರೆಯವರು ಕೇಳ್ತಾರೆ. ಉತ್ತರ ಹೇಳ್ಬೇಕಾದ್ದು ನೀವಲ್ಲ, ಅವಳು. ನನ್ನ ಸೊಸೆಗೆ ನಾನು ಎಂತದೂ ಹೇಳುದಿಲ್ಲ. ನೀವು ಯೋಚನೆ ಮಾಡಿ ಬನ್ನಿ.’ ಹಿಂದಿರುಗುವ ಬಸ್ಸಿನಲ್ಲಿ ಕಾಣಿಯೂರು ಮುಟ್ಟುವವರೆಗೆ ನಾನು ಪಕ್ಕದವನ ಮೇಲೆ ಕೂಡ ಸಂಶಯ ಪಡಲಿಲ್ಲ ಎಂದರೆ ನನ್ನ ಸ್ಥಿತಿ ನಿನಗೆ ತಿಳಿಯಬಹುದು.

ಇಷ್ಟೇ ಸುದ್ದಿ. ಅಂಚೆಯ ಚೀಲ ಹೊರಡುವ ಹೊತ್ತಾಯಿತು. ಹನಾನ್‌ಳಿಗೆ ಉಪ್ಪಾಪನ ಎರಡು ಮುತ್ತು, ಹಲ್ಲು ಬಿದ್ದ ಜಾಗಕ್ಕೆ ಒಂದು ಹೆಚ್ಚು. ಸೃಷ್ಟಿಸಿದ ಅಲ್ಲಾಹು ನಿಮ್ಮಿಬ್ಬರ ಮೇಲೆ ರಹ್ಮತ್ ಇಡಲಿ, ಘಾಟಿಯ ತಿರುವುಗಳಲ್ಲಿ ನಿಮ್ಮ ಬಸ್ಸಿಗೆ ಒಳ್ಳೆಯ ಡ್ರೈವರನ್ನು ಕೊಡಲಿ.

ನಿನ್ನ ಉಪ್ಪ
ಅಲಿ ಕುಂಞಿ

ಮರೆತಿದ್ದೆ: ಇದರೊಳಗೆ ಕರಾರು ಪತ್ರ ಇಟ್ಟಿದ್ದೇನೆ. ನಿನ್ನೆ ಪುನಃ ಸುಳ್ಯಕ್ಕೆ ಹೋದೆ. ನಾನು ಹೇಳಿಟ್ಟ ಸುಳ್ಳಿಗೆ ಸರಿಯಾಗಿ ಮಮ್ಮು ಮೊದಲೇ ಟೈಪ್ ಮಾಡಿಸಿಟ್ಟಿದ್ದ: ‘ಶಮೀನಾ, ಇಂಥವರ ಪತ್ನಿ’ ಎಂದು, ಹೆಸರಿಗೆ ಜಾಗ ಬಿಟ್ಟು. ನಾನು ತಿಮ್ಮಕ್ಕನ ಜಗಲಿಯಲ್ಲಿ ಕೂತು ‘ಪತ್ನಿ’ಗೆ ಗೆರೆ ಎಳೆದು, ‘ಅಲಿ ಕುಂಞಿಯ ಮಗಳು’ ಎಂದು ಬರೆದಿದ್ದೇನೆ. ಹೇಳಬೇಡಿ ಎಂದ ಸುಳ್ಳನ್ನು ಎರಡು ಕಡೆ ಹೇಳಿದೆ, ಗೊತ್ತಿಲ್ಲದವರ ನೆರೆಕರೆ ಬೇಕು ಎಂದವಳ ಕತೆಯನ್ನು ಬಾವಿಕಟ್ಟೆಯಲ್ಲಿ ನಿಂತು ನಾನೇ ಕೂಗಿದೆ. ಗೊತ್ತಿರುವ ಒಬ್ಬರ ಪಕ್ಕದಲ್ಲಿ ಇರಲು ನಿನಗೆ ಮನಸ್ಸಿಲ್ಲದಿದ್ದರೆ ಸಹಿ ಹಾಕಬೇಡ, ಬೇರೆ ನೋಡುತ್ತೇನೆ, ಬೇಜಾರಿಲ್ಲ. ಆದರೆ ಇದು ಕೇಳು. ನಾನು ಬರೆದದ್ದನ್ನು ತಿಮ್ಮಕ್ಕ ಕನ್ನಡಕ ಹಾಕಿ ಓದಿದರು. ಆಮೇಲೆ ಒಳಗಿದ್ದ ಸೊಸೆಗೆ ಕೇಳುವ ಹಾಗೆ ಹೇಳಿದರು: ‘ಮಗ್ಳಿಗೆ ಪೋಸ್ಟಾಪೀಸಿಲಿ ಕೆಲ್ಸ.’ ನಾನು ಕಿವಿಗೊಟ್ಟು ಕಾದೆ. ಹಿಂದಿನಿಂದ ಗಡ ಬರಲಿಲ್ಲ.