ಹೊಲಿಗೆ ಮೆಷಿನ್ ಪ್ರಕರಣದಲ್ಲಿ ಮೊದಲ ತಪ್ಪೊಪ್ಪಿಗೆ

ಪ್ರೀತಿಯ ದೊಡ್ಡಮ್ಮ,

ಕೂತುಕೊಂಡು ಓದಿ. ನಿನ್ನೆ ಸ್ಪರ್ಧಾ ಕಾನೂನಿನ ತರಗತಿಯ ಒಂದು ಆಟದಲ್ಲಿ ನಾವೆಲ್ಲ ಒಳಗೊಳಗೇ ಮಾತಾಡಿಕೊಂಡು ಬೆಲೆ ಏರಿಸಿದ ಕಂಪನಿಗಳಾಗಿದ್ದೆವು. ಮೊದಲು ತಪ್ಪೊಪ್ಪಿಕೊಂಡವರಿಗೆ ದಂಡವಿಲ್ಲ; ಹಲವು ದೇಶಗಳಲ್ಲಿ ಇದೇ ನಿಯಮವಂತೆ. ಗಂಟೆ ಬಾರಿಸಿದ್ದೇ ತಡ, ಆರು ದೇಶಗಳಿಂದ ಬಂದ ಕೋಟುಧಾರಿ ಸಹಪಾಠಿಗಳು ಕಾರಿಡಾರಿನಲ್ಲಿ ಬಿದ್ದೆದ್ದು ಓಡಿದರು. ನಾನು ಒಂದು ಶೂ ಕಳೆದುಕೊಂಡು ಎರಡನೆಯವನಾದೆ. "ಎಂಟು ಸೆಕೆಂಡ್ ಲೇಟಪ್ಪಾ, ಕಟ್ಟು ದಂಡ," ಅಂದರು ಮೇಷ್ಟ್ರು.

ಆದ್ದರಿಂದ ಈ ಸಲ ನಾನೇ ಮೊದಲು. ಹೋದ ವರ್ಷ ನಿಮ್ಮ ಹೊಲಿಗೆ ಮೆಷಿನ್ ಕೆಡಿಸಿದ್ದು ಹಿಂದಿನ ದಿನ ಅದಕ್ಕೆ ಎಣ್ಣೆ ಹಾಕಿ ಹೋಗಿದ್ದ ರಿಪೇರಿ ತಾತ ಅಲ್ಲ. ಅಣ್ಣನ ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಹೊಲಿಯಲು ಹೋಗಿ ನಾನು, ಅಕ್ಕ, ಪುಟ್ಟ ಕೆಡಿಸಿದೆವು. ಬಾಯಿ ಬಿಡುವುದಿಲ್ಲವೆಂದು ಆಣೆ ಮಾಡಿಕೊಂಡೆವು. "ಕೈ ನಡುಗೋರು ಇನ್ನು ಈ ಕಡೆ ಬರಬೇಡಿ" ಎಂದು ನೀವು ಅಂದಾಗ ತಾತ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತ ಮೆಟ್ಟಿಲಿಳಿದರು. ಬಾಗಿಲ ಹಿಂದೆ ನಾವು ಮೂವರೂ ಇದ್ದೆವು.

ಅಕ್ಕ ಇದನ್ನು ಮೊದಲು ಓದಿ, ತಾನೇ ಮೊದಲು ಒಪ್ಪಿಕೊಳ್ಳಲು ಓಡಿ ಬಂದರೆ, ಅಂಚೆ ಮುದ್ರೆಯ ತಾರೀಖು ನೋಡಿ ತೀರ್ಪು ಕೊಡಿ. ನನ್ನ ಕೆಮ್ಮು ವಾಸಿಯಾಗಿದೆ. ನನಗೆ ಮಾಫಿ ಆಮೇಲಿರಲಿ, ಮೊದಲು ಈ ಕಾರ್ಡನ್ನು ತಾತನ ಅಂಗಡಿಗೆ ಒಯ್ದು ಓದಿ ಹೇಳಿ. ಅವರ ಕೈ ಸರಿಯಾಗೇ ಇತ್ತು.

ನಿಮ್ಮ ತಂಗಿಯ ಮಗ,
ಒಂದನೇ ಆರೋಪಿ