ಆದೇಶದ ಕೆಳಗಿನ ಸಹಿ

ಮಾರ್ಚ್ 15, ರಾತ್ರಿ 2:20. ಗ್ಯಾರೆಟ್‌ನ ಟ್ರಕ್ಕು ಅಂಗಳದ ಜಲ್ಲಿಯ ಮೇಲೆ ಸಾಗಿದ ಸದ್ದಿಗೆ ಎಚ್ಚರವಾಯಿತು. ಕಿಟಕಿಗೆ ಓಡುವಷ್ಟರಲ್ಲಿ ಹೊರಟೇಹೋಗಿದ್ದ. ಮೇಜಿನ ಮೇಲೊಂದು ಚೀಟಿ: "ಗಾರ್ಡ್ ಪಡೆಯಿಂದ ಕರೆ ಬಂತು. ನೀನು ಈಗತಾನೇ ಕಣ್ಣು ಮುಚ್ಚಿದ್ದೆ, ಎಬ್ಬಿಸೋಕೆ ಮನಸ್ಸಾಗಲಿಲ್ಲ."

ಗಾರ್ಡ್ ಎಂದರೆ ರಾಜ್ಯದ ಅರೆಕಾಲಿಕ ಸೇನೆ; ರಾಜ್ಯದ ಗವರ್ನರೂ ಕರೆಯಬಹುದು, ದೇಶದ ಅಧ್ಯಕ್ಷರೂ ಕರೆಯಬಹುದು. ಯಾರ ಆದೇಶವೆಂದು ಬರೆದಿಲ್ಲ, ಪೆದ್ದ. ಫೋನ್ ಎತ್ತುತ್ತಿಲ್ಲ. ಗವರ್ನರ್ ಕರೆದಿದ್ದರೆ ಇಲ್ಲೇ ನೆಬ್ರಾಸ್ಕಾದಲ್ಲಿ ಪ್ರವಾಹಕ್ಕೆ ಮರಳುಚೀಲ ಹೊರುವುದು, ಎರಡು ವಾರ. ಅಧ್ಯಕ್ಷರು ಕರೆದಿದ್ದರೆ ಕಡಲಾಚೆ, ಒಂದು ವರ್ಷ. ಅವನ ಅಕ್ಕ ಲೋರ್ನಾ ದೇಶದ ಸೇನೆಯ ಮೀಸಲು ಪಡೆಯಾದ ರಿಸರ್ವ್‌ನಲ್ಲಿದ್ದಾಳೆ. ಮದುವೆಯ ದಿನವೇ ಛೇಡಿಸಿದ್ದಳು: "ನಮಗೆ ಅಧ್ಯಕ್ಷರೊಬ್ಬರೇ ಯಜಮಾನರು ಕಣೇ, ನಿನ್ ಗಂಡನಿಗೆ ಇಬ್ಬರು! ಕಾಗದ ಬಂದ್ರೆ ಮೊದಲು ಸಹಿ ನೋಡು, ಆಮೇಲೆ ಅಳು."

ನದಿ ಉಕ್ಕುತ್ತಿದೆಯೆಂದು ರೇಡಿಯೊ ಸಂಜೆಯಿಂದ ಹೇಳುತ್ತಿದೆ. ಆದರೆ ಅವನ ರಬ್ಬರ್ ಬೂಟು ಬಾಗಿಲ ಬಳಿಯೇ ಇದೆ. ಮರೆತನೋ, ಬೇಡವೆಂದು ಬಿಟ್ಟನೋ? ತೊಟ್ಟಿಲಲ್ಲಿ ಎಟ್ಟಾಳ ಒಂದು ಕಾಲುಚೀಲ ಕಾಣೆ. ಎರಡು ವಾರಕ್ಕೆ ಹೋಗುವವನು ಮಗಳ ಕಾಲುಚೀಲ ಒಯ್ಯುತ್ತಾನೆಯೇ?

ಇವನು ಒಯ್ಯುತ್ತಾನೆ. ತಿಂಗಳಿಗೆ ಎರಡು ದಿನದ ಕವಾಯತಿಗೂ ಒಯ್ದಿದ್ದ.

ಬೂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದೇನೆ. ಗ್ಯಾರೆಟ್, ಬೂಟು ತಂದುಕೊಡಲೋ ಬೇಡವೋ, ಅಷ್ಟೇ ಹೇಳು ಸಾಕು. ಬೆಳಗಾಗುವ ಮುಂಚೆ ಒಂದು ಫೋನ್ ಮಾಡೋ.